ಹೆಲ್ಮೆಟ್ ಒಳಗಿನ ಸೆನ್ಸರ್ ನಿಜವಾಗಿ ಎಲ್ಲಿ ಅಳೆಯುತ್ತದೆ? ಕೇಶ್ವಾಪುರದಲ್ಲಿ ಕಟ್ಟಿದ ಒಂದು ಅಳತೆ ಚೌಕಟ್ಟು

ಮಿದುಳಿನ ಕಾಂತಕ್ಷೇತ್ರ ಅಳೆಯುವ, ತಲೆಗೆ ತೊಡುವ ಎಂಇಜಿ ಹೆಲ್ಮೆಟ್‌ನಲ್ಲಿ ಸೆನ್ಸರ್ ಎಲ್ಲಿದೆ ಅಂತ ಕೇಳಿದರೆ ಯಾರಾದರೂ ಅದರ ಡಬ್ಬಿ ತೋರಿಸುತ್ತಾರೆ. ಆದರೆ ಅಳತೆ ನಡೆಯುವುದು ಡಬ್ಬಿಯೊಳಗಿನ ಪುಟ್ಟದೊಂದು ಜಾಗದಲ್ಲಿ. ಆ ಜಾಗ ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದು ಹೊರಗಿನಿಂದ ಕಾಣಲ್ಲ. ವರ್ನಿಯರ್ ಹಿಡಿದು ಎಷ್ಟು ಅಳೆದರೂ ಸಿಗುವುದು ಡಬ್ಬಿಯ ಅಳತೆ ಮಾತ್ರ. ಕಾಂತಕ್ಷೇತ್ರವನ್ನೇ ಬಳಸಿ ಆ ಜಾಗ ಹುಡುಕುವ ಚೌಕಟ್ಟೊಂದನ್ನು ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಕಟ್ಟಿದೆವು. ಹೇಗೆ ಕಟ್ಟಿದೆವು, ಏನೇನು ಕಾಡಿತು, ಏನು ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಸಿಗ್ನಲ್ ದಾಖಲಿಸುವ ಯಂತ್ರಗಳ ರಿಪೇರಿ ಮಾಡುವವನು. ಇಇಜಿಯಲ್ಲಿ ಟೆಕ್ನಿಶಿಯನ್ ಟೇಪ್ ಹಿಡಿದು ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನ ತನಕ ಅಳೆಯುತ್ತಾರೆ. ಶೇಕಡಾ 10, ಶೇಕಡಾ 20 ಅಂತ ಲೆಕ್ಕ ಹಾಕಿ ಪೆನ್ಸಿಲ್ ಗುರುತು ಮಾಡಿ ಎಲೆಕ್ಟ್ರೋಡ್ ಅಂಟಿಸುತ್ತಾರೆ. ದಿನನಿತ್ಯದ ಇಇಜಿಗೆ ಅಷ್ಟು ಸಾಕು. ಎಂಇಜಿಗೆ ಸಾಲುವುದಿಲ್ಲ.

ಮಿದುಳಿನ ನರಕೋಶಗಳಲ್ಲಿ ಹರಿಯುವ ಕರೆಂಟಿನಿಂದ ತಲೆಯ ಹೊರಗೆ ಏಳುವ ಕಾಂತಕ್ಷೇತ್ರವನ್ನು ಎಂಇಜಿ ಅಳೆಯುತ್ತದೆ. ಅದು ಸುಮಾರು 100 ಫೆಮ್ಟೊಟೆಸ್ಲಾ. ನಮ್ಮ ಊರಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಅಂದರೆ ಅದರ 40 ಕೋಟಿ ಪಟ್ಟು. ಡೇವಿಡ್ ಕೋಹೆನ್ ಅಮೆರಿಕದಲ್ಲಿ 1968ರಲ್ಲಿ ತಾಮ್ರದ ತಂತಿಯ ಕಾಯಿಲ್‌ನಿಂದಲೇ ಇದನ್ನು ಮೊದಲು ಹಿಡಿದರು. 1972ರಲ್ಲಿ ಸ್ಕ್ವಿಡ್ ಅನ್ನುವ, ಅತಿ ತಣ್ಣಗಿದ್ದಾಗ ಮಾತ್ರ ಕೆಲಸ ಮಾಡುವ ಸೂಕ್ಷ್ಮ ಸೆನ್ಸರ್ ಬಳಸಿ ಸ್ಪಷ್ಟವಾಗಿ ಅಳೆದು ತೋರಿಸಿದರು. ಸ್ಕ್ವಿಡ್‌ಗೆ ದ್ರವ ಹೀಲಿಯಂ ಬೇಕು, ಮೈನಸ್ 269 ಡಿಗ್ರಿ. ಅಷ್ಟು ತಣ್ಣಗಿನ ಪಾತ್ರೆಗೂ ತಲೆಗೂ ನಡುವೆ ಎರಡು ಮೂರು ಸೆಂಟಿಮೀಟರ್ ಅಂತರ ಬಿಡಲೇಬೇಕು. ತಲೆ ಅಲ್ಲಾಡಿಸದೆ ಕೂರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂಇಜಿ ಇದೆ. ಮೂರ್ಛೆ ರೋಗ ಮಿದುಳಿನ ಯಾವ ಭಾಗದಿಂದ ಶುರುವಾಗುತ್ತದೆ ಅಂತ ಹುಡುಕಲು ಅದು ನೆರವಾಗುತ್ತದೆ.

2018ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ತಲೆಗೆ ತೊಟ್ಟುಕೊಳ್ಳುವ ಎಂಇಜಿ ತೋರಿಸಿದರು. ಅದರಲ್ಲಿರುವುದು ಒಪಿಎಂ ಸೆನ್ಸರ್. ಒಂದು ಪುಟ್ಟ ಗಾಜಿನ ಕೋಶದಲ್ಲಿ ರುಬಿಡಿಯಂ ಆವಿ, ಅದರೊಳಗೆ ಹಾಯುವ ಲೇಸರ್. ಕೋಶ ಸುಮಾರು 3 ಮಿಮೀ ಘನ. ಹೀಲಿಯಂ ಬೇಡ, ಸೆನ್ಸರ್ ತಲೆಗೆ ಅಂಟಿಕೊಂಡೇ ಕೂರುತ್ತದೆ. ಚಿಕ್ಕ ಮಗು ತಲೆ ಆಡಿಸಿದರೆ ಸೆನ್ಸರೂ ಜೊತೆಗೇ ಆಡುತ್ತದೆ. ಮೂರ್ಛೆ ಬರುವ ಮಕ್ಕಳನ್ನು ಇಇಜಿ ಕೋಣೆಯಲ್ಲಿ ಸುಮ್ನೆ ಕೂರಿಸುವುದು ಎಷ್ಟು ಕಷ್ಟ ಅಂತ ನೋಡಿದವನಿಗೆ ಇದು ಎಂಥ ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಹೊಸ ತೊಡಕು ಇಲ್ಲೇ ಇರುವುದು. ಸ್ಕ್ವಿಡ್ ಯಂತ್ರದಲ್ಲಿ ಸೆನ್ಸರ್‌ಗಳು ಒಂದೇ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಹೆಲ್ಮೆಟ್‌ನಲ್ಲಿ ಒಂದೊಂದನ್ನೂ ಕಿತ್ತು ಮತ್ತೆ ಹಾಕುತ್ತೇವೆ. ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2018ರಲ್ಲಿ ಇದರ ಲೆಕ್ಕ ಹಾಕಿದ್ದಾರೆ. ಸೆನ್ಸರ್ ತಲೆಗೆ ಹತ್ತಿರ ಬಂದದ್ದರ ಲಾಭ ಸಿಗಬೇಕಾದರೆ ಜಾಗದ ತಪ್ಪು 4 ಮಿಮೀ ಒಳಗಿರಬೇಕು, ದಿಕ್ಕಿನ ತಪ್ಪು 10 ಡಿಗ್ರಿ ಒಳಗಿರಬೇಕು. 4 ಮಿಮೀ ಅಂದರೆ ಧಾರಾಳ ಅನ್ನಿಸಬಹುದು. ಆದರೆ ಸೆನ್ಸರ್ ಕೂರಲು ಹೆಲ್ಮೆಟ್ಟಿನಲ್ಲಿ 3ಡಿ ಪ್ರಿಂಟ್ ಮಾಡಿದ ಗೂಡಿನ ತಪ್ಪು, ಸೆನ್ಸರ್ ಕೂರಿಸುವಾಗಿನ ತಪ್ಪು, ಡಬ್ಬಿಯೊಳಗೆ ಕೋಶ ಕೂತ ಜಾಗದ ತಪ್ಪು, ಹೆಲ್ಮೆಟ್ ತಲೆಯ ಮೇಲೆ ಜರುಗುವ ತಪ್ಪು, ಎಲ್ಲವೂ ಇದೇ ನಾಲ್ಕರೊಳಗೆ ಹಿಡಿಸಬೇಕು.

ಒಪಿಎಂ ನಮ್ಮ ಕೈಗೆಟುಕುವ ವಸ್ತುವಲ್ಲ. ಅದಕ್ಕೆ ಕಾಂತಕ್ಷೇತ್ರ ತಡೆಯುವ ಮ್ಯೂ ಮೆಟಲ್ ಕೋಣೆಯೂ ಬೇಕು. ಹಾಗಾಗಿ ಅದರ ಜಾಗದಲ್ಲಿ ಆರ್‌ಎಂ3100 ಅನ್ನುವ ಅಗ್ಗದ ಮೂರು ಅಕ್ಷಗಳ ಕಾಂತ ಸೆನ್ಸರ್ ಇಟ್ಟೆವು. ಅದರ ಗದ್ದಲವೇ ಒಂದು ರೀಡಿಂಗ್‌ಗೆ ಸುಮಾರು 15 ನ್ಯಾನೊಟೆಸ್ಲಾ (ಗದ್ದಲ ಅಂದರೆ ರೀಡಿಂಗ್ ತಾನಾಗೇ ಅತ್ತಿತ್ತ ಆಡುವುದು; ಒಂದು ನ್ಯಾನೊಟೆಸ್ಲಾ ಅಂದರೆ ಹತ್ತು ಲಕ್ಷ ಫೆಮ್ಟೊಟೆಸ್ಲಾ). ಮಿದುಳಿನ ಸಿಗ್ನಲ್ ಇದರಲ್ಲಿ ಖಂಡಿತ ಕಾಣಲ್ಲ. ಆದರೆ ಜಾಗ ಹುಡುಕುವ ವಿದ್ಯೆ ಎರಡಕ್ಕೂ ಒಂದೇ. ಅದನ್ನು ಕಲಿಯಲು ಇದು ಸಾಕು.

ಕಾಯಿಲ್‌ಗಳು

ಉಪಾಯ ಸರಳ. ಗೊತ್ತಿರುವ ಜಾಗಗಳಲ್ಲಿ ಸಣ್ಣ ಕಾಯಿಲ್‌ಗಳನ್ನು ಇಡಬೇಕು. ಒಂದೊಂದಕ್ಕೇ ಕರೆಂಟ್ ಕೊಟ್ಟು ಸೆನ್ಸರ್‌ಗೆ ಎಷ್ಟು ಕಾಣುತ್ತದೆ ಅಂತ ನೋಡಬೇಕು. ಆ ಅಂಕಿಗಳೆಲ್ಲ ಒಟ್ಟಿಗೆ ಹೊಂದುವ ಒಂದೇ ಜಾಗ, ಒಂದೇ ದಿಕ್ಕು ಯಾವುದು ಅಂತ ಕಂಪ್ಯೂಟರ್‌ನಿಂದ ಹುಡುಕಿಸಬೇಕು. ಸ್ವೀಡನ್ನಿನ ಗೋಟೆನ್‌ಬರ್ಗ್‌ನ ಸಂಶೋಧಕರು ತಲೆಗೆ ಹತ್ತಿರ ಇಡುವ ಸೆನ್ಸರ್‌ಗಳಿಗೆ ಇದೇ ದಾರಿ ಹಿಡಿದಿದ್ದರು.

ನಮ್ಮ ಕಾಯಿಲ್‌ನ ಒಳಗಿನ ತ್ರಿಜ್ಯ 5 ಮಿಮೀ, ಸುತ್ತು 50, ತಂತಿ 38 ಗೇಜ್, ಕರೆಂಟ್ 20 ಮಿಲಿಆಂಪ್. ಲೆಕ್ಕದ ಪ್ರಕಾರ ಕಾಯಿಲ್‌ನ ನೇರ ಎದುರಿಗೆ 5 ಸೆಂಮೀ ದೂರದಲ್ಲಿ ಸುಮಾರು 125 ನ್ಯಾನೊಟೆಸ್ಲಾ ಬರುತ್ತದೆ. 10 ಸೆಂಮೀಗೆ ಅದು ಎಂಟನೇ ಒಂದು ಭಾಗಕ್ಕೆ ಇಳಿದು 16ರ ಹತ್ತಿರ ನಿಲ್ಲುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟು ಪಟ್ಟು ಕಡಿಮೆ. ಈ ಜೋರು ಇಳಿತವೇ ನಮಗೆ ಅನುಕೂಲ. ಕ್ಷೇತ್ರದ ಅಳತೆಯಲ್ಲಿ ಶೇಕಡಾ 3 ತಪ್ಪಿದರೂ ದೂರದಲ್ಲಿ ತಪ್ಪುವುದು ಶೇಕಡಾ 1 ಮಾತ್ರ. 5 ಸೆಂಮೀ ದೂರದಲ್ಲಿ ಅದು ಅರ್ಧ ಮಿಮೀ.

ಕಾಯಿಲ್ ಸುತ್ತಿಕೊಟ್ಟವರು ಹಳೇ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಒಬ್ಬ ಹಿರಿಯರು. ತಂತಿ ಸುತ್ತಲು ನಾನು ಪ್ರಿಂಟ್ ಮಾಡಿ ಒಯ್ದ ಬಾಬಿನ್ ಅನ್ನು ಬೆರಳಲ್ಲಿ ತಿರುಗಿಸಿ ನೋಡಿ ಅಂದರು: "ಸುತ್ತಿನ ಲೆಕ್ಕ ನಾ ತಪ್ಪಂಗಿಲ್ರಿ ಸರ. ಆದ್ರ ಒಳಗ ಮೂಲಿ ಹಿಂಗ ಗುಂಡಗಿದ್ರ ತಂತಿ ಅಲ್ಲೇ ಮ್ಯಾಲೆ ಹತ್ತತೈತಿ. ಮೂಲಿ ಚೌಕ ಮಾಡ್ಕೊಂಡ ಬರ್ರಿ." ಮೂಲೆ ಚೌಕ ಮಾಡಿಕೊಂಡು ಹೋದೆ. ಕಾಕಾ ಮೂರು ಪದರವನ್ನೂ ಸಾಲು ತಪ್ಪದ ಹಾಗೆ ಸುತ್ತಿದರು. ಇದು ಬರೀ ಅಂದಕ್ಕಲ್ಲ. ತಂತಿ ಅಂಚಿನಲ್ಲಿ ಮೇಲೆ ಹತ್ತಿದರೆ ಆ ಸುತ್ತಿನ ತ್ರಿಜ್ಯ ಬೇರೆಯಾಗುತ್ತದೆ. ಕಾಯಿಲ್‌ನ ನಡುಬಿಂದು ಒಂದು ಕಡೆಗೆ ವಾಲುತ್ತದೆ. ಅರ್ಧ ಮಿಮೀ ಬೆನ್ನು ಹತ್ತಿದವರಿಗೆ ಅದೇ ದೊಡ್ಡ ಲುಕ್ಸಾನು.

ಕಾಯಿಲ್‌ಗೆ ಹೋಗುವ ಎರಡು ತಂತಿಗಳನ್ನು ಬಿಗಿಯಾಗಿ ಹೊಸೆಯಲೇಬೇಕು. ನಮ್ಮ ಐವತ್ತು ಸುತ್ತಿನ ಒಟ್ಟು ವಿಸ್ತೀರ್ಣ ಸುಮಾರು 40 ಚದರ ಸೆಂಮೀ. ಹೋಗುವ ತಂತಿಗೂ ಬರುವ ತಂತಿಗೂ ನಡುವೆ ಒಂದೇ ಒಂದು ಚದರ ಸೆಂಮೀ ಜಾಗ ಬಿಟ್ಟರೆ ಶೇಕಡಾ 2.5 ತಪ್ಪು ಅಲ್ಲೇ ಸೇರಿಕೊಳ್ಳುತ್ತದೆ. ಕರೆಂಟಿನ ಪ್ರಮಾಣ ಕೂಡ ಸ್ಥಿರವಾಗಿರಬೇಕು. ತಾಮ್ರ ಬಿಸಿಯಾದರೆ ಡಿಗ್ರಿಗೆ ಸುಮಾರು ಶೇಕಡಾ 0.4 ರೆಸಿಸ್ಟೆನ್ಸ್ ಜಾಸ್ತಿ ಆಗುತ್ತದೆ. ವೋಲ್ಟೇಜ್ ಮಾತ್ರ ಸ್ಥಿರ ಇಟ್ಟರೆ ಬೆಳಗ್ಗೆಯ ಅಳತೆ ಮಧ್ಯಾಹ್ನಕ್ಕೆ ಹೊಂದಲ್ಲ. ಎಂಸಿಪಿ4725 ಡ್ಯಾಕ್ (ಅಂಕಿಯನ್ನು ವೋಲ್ಟೇಜ್ ಆಗಿ ಕೊಡುವ ಚಿಪ್), ಒಂದು ಎಲ್‌ಎಂ358, ಒಂದು ಟ್ರಾನ್ಸಿಸ್ಟರ್, ಒಂದು ಒಳ್ಳೇ ರೆಸಿಸ್ಟರ್ ಸೇರಿಸಿ ಕರೆಂಟನ್ನೇ ಹಿಡಿದಿಡುವ ಸರ್ಕಿಟ್ ಮಾಡಿದೆವು. ಕಾಯಿಲ್ ಬದಲಿಸಲು ರಿಲೇ ಬಳಸಲಿಲ್ಲ, ರಿಲೇಯೊಳಗೆ ಕಬ್ಬಿಣ ಇರುತ್ತದೆ. ಸ್ವಿಚ್ ಆಗಿ ಮಾಸ್‌ಫೆಟ್ ಅನ್ನುವ ಟ್ರಾನ್ಸಿಸ್ಟರ್ ಹಾಕಿದೆವು.

ಚೌಕಟ್ಟಿಗೆ ಗೋಕುಲ್ ರೋಡಿನ ಕಡೆ ಲೇಸರ್ ಕಟಿಂಗ್ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸಿದೆವು. ಕಾಯಿಲ್‌ಗಳು ಎಂಟು. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಒಂದೇ ದಿಕ್ಕಿಗೆ ಇಟ್ಟರೆ ಸೆನ್ಸರ್ ಹಾಳೆಯ ಮೇಲಿದೆಯೋ ಕೆಳಗಿದೆಯೋ ಅಂತ ಲೆಕ್ಕಕ್ಕೆ ತಿಳಿಯುವುದೇ ಇಲ್ಲ, ಎರಡೂ ಕಡೆ ಉತ್ತರ ಹೊಂದುತ್ತದೆ. ಅದಕ್ಕೇ ಮೂರು ಕಾಯಿಲ್‌ಗಳನ್ನು ಎತ್ತರದ ಕಂಬಗಳ ಮೇಲೆ ಕೂರಿಸಿದೆವು. ಅವುಗಳಲ್ಲಿ ಎರಡನ್ನು ಓರೆಯಾಗಿ ತಿರುಗಿಸಿದೆವು. ಜೋಡಿಸಲು ನೈಲಾನ್ ಬೋಲ್ಟ್, ಹಿತ್ತಾಳೆ ಕಡ್ಡಿ. ಸ್ಟೇನ್‌ಲೆಸ್ ಸ್ಟೀಲ್‌ಗೆ ಅಯಸ್ಕಾಂತ ಹಿಡಿಯಲ್ಲ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಒತ್ತಿ ತಯಾರಿಸಿದ ಸ್ಟೇನ್‌ಲೆಸ್ ಸ್ಕ್ರೂ ಸ್ವಲ್ಪ ಹಿಡಿಯುತ್ತದೆ. ದಾರಕ್ಕೆ ಒಂದು ಚಿಕ್ಕ ನಿಯೋಡಿಮಿಯಂ ಅಯಸ್ಕಾಂತ ಕಟ್ಟಿ ತೂಗುಬಿಟ್ಟು, ಚೌಕಟ್ಟಿಗೆ ಹೋಗುವ ಪ್ರತಿ ತುಣುಕನ್ನೂ ಅದರ ಹತ್ತಿರ ಒಯ್ದು ನೋಡಿದೆವು. ಪಿಸಿಬಿಗೆ ಹಚ್ಚುವ ಹೆಡರ್ ಪಿನ್‌ಗಳೇ ಅಯಸ್ಕಾಂತವನ್ನು ಎಳೆದುಕೊಂಡವು. ಅವನ್ನು ಬಿಚ್ಚಿ ತಂತಿಯನ್ನೇ ನೇರ ಬೆಸುಗೆ ಹಾಕಿದೆವು.

ಮೂರೂ ಅಕ್ಷ ಓದಿಸಿದಾಗ ಸೆನ್ಸರ್ ಪ್ರತಿ ಅಕ್ಷಕ್ಕೂ ಸೆಕೆಂಡಿಗೆ ಸುಮಾರು 147 ರೀಡಿಂಗ್ ಕೊಡುತ್ತದೆ. ಕಾಯಿಲ್‌ಗೆ ಕೊಟ್ಟದ್ದು 11 ಹರ್ಟ್ಜ್, ಅಂದರೆ ಸೆಕೆಂಡಿಗೆ 11 ಸಲ ಏರಿಳಿಯುವ ಕರೆಂಟ್. ಇಪ್ಪತ್ತು ಸೆಕೆಂಡ್ ರೀಡಿಂಗ್ ತೆಗೆದುಕೊಂಡು 11 ಹರ್ಟ್ಜ್‌ನ ಅಲೆ ಎಷ್ಟಿದೆ ಅಂತ ಮಾತ್ರ ನೋಡಿದರೆ ಗದ್ದಲ ಅರ್ಧ ನ್ಯಾನೊಟೆಸ್ಲಾಗಿಂತ ಕೆಳಗೆ ಇಳಿಯುತ್ತದೆ. ಅಲೆಯ ಎತ್ತರದ ಜೊತೆ ಅದು ಕಾಯಿಲ್‌ನ ಕರೆಂಟಿನ ಜೊತೆ ಏರುತ್ತಿದೆಯೋ ಅದಕ್ಕೆ ಉಲ್ಟಾ ಇದೆಯೋ ಅನ್ನುವುದೂ ಬೇಕು. ಹಾಗಾಗಿ ಸಿಗ್ನಲ್ ಹುಟ್ಟಿಸುವುದೂ ಓದುವುದೂ ಒಂದೇ ಪಿಕೊ ಬೋರ್ಡ್, ಅಂದರೆ ಪುಟ್ಟ ಮೈಕ್ರೊಕಂಟ್ರೋಲರ್.

ಕೇಶ್ವಾಪುರದಲ್ಲಿ ರೈಲು ಹಳಿ ಹತ್ತಿರ. ಎಂಜಿನ್‌ಗಳಿಗೆ ಮೇಲಿನ ತಂತಿಯಲ್ಲಿ 25 ಕಿಲೋವೋಲ್ಟ್, 50 ಹರ್ಟ್ಜ್ ಹರಿಯುತ್ತದೆ. ರೈಲು ಹೋದಾಗ ಪರದೆಯ ಮೇಲಿನ ಗೆರೆ ನಿಧಾನಕ್ಕೆ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. 50 ಹರ್ಟ್ಜ್ ಮತ್ತು ನಿಧಾನದ ಏರಿಳಿತ ಎರಡನ್ನೂ ಲೆಕ್ಕದೊಳಗೇ ಸೇರಿಸಿದ್ದರಿಂದ ಅದು ಅಷ್ಟೇನೂ ಕಾಡಲಿಲ್ಲ. ಹೆಚ್ಚು ಕಾಡಿದ್ದು ಸೀಲಿಂಗ್ ಫ್ಯಾನ್. 11ಕ್ಕಿಂತ ಸ್ವಲ್ಪ ಕೆಳಗೆ ಒಂದು ಚೂಪು ಗೆರೆ ನಿಂತಿರುತ್ತಿತ್ತು. ರೆಗ್ಯುಲೇಟರ್ ತಿರುಗಿಸಿದರೆ ಅದರ ಜಾಗವೂ ಸರಿಯುತ್ತಿತ್ತು. ಈಗ ಅಳತೆಯ ಹೊತ್ತಿಗೆ ಫ್ಯಾನ್ ಬಂದ್.

ಗೂಟದ ಸುತ್ತ ತಿರುಗಿಸಿದಾಗ

ಇನ್ನೊಂದು ಹಾಳೆಯಲ್ಲಿ 20 ಮಿಮೀಗೊಂದು ತೂತು ಕೊರೆಸಿ ಹಿತ್ತಾಳೆಯ 3 ಮಿಮೀ ಗೂಟಗಳನ್ನು ನಿಲ್ಲಿಸಿದೆವು. ಸೆನ್ಸರ್ ಡಬ್ಬಿಯ ತಳದಲ್ಲಿ ಅದಕ್ಕೆ ಹೊಂದುವ ಒಂದು ತೂತು. ಸೆನ್ಸರ್ ಎಲ್ಲಿ ಅಳೆಯುತ್ತದೆ ಅಂತ ಗೊತ್ತಿಲ್ಲದಿದ್ದರೂ, ಡಬ್ಬಿಯನ್ನು ತಿರುಗಿಸದೆ ಒಂದು ಗೂಟದಿಂದ ಪಕ್ಕದ ಗೂಟಕ್ಕೆ ಹೋದರೆ ಅದು 20 ಮಿಮೀ ಸರಿದಿರಲೇಬೇಕು, ಅಲ್ವಾ? ಇದೇ ನಮ್ಮ ನಿಜವಾದ ಅಳತೆಗೋಲು. ಸುತ್ತುಗಳ ತ್ರಿಜ್ಯ ಪದರಕ್ಕೊಂದು ಇರುವುದರಿಂದ ಪ್ರತಿ ಕಾಯಿಲ್‌ನ ಬಲವನ್ನು ಸೂತ್ರದಿಂದ ನಂಬಲಿಲ್ಲ. ಹಲವು ಗೂಟಗಳ ಮೇಲಿನ ರೀಡಿಂಗ್‌ಗಳನ್ನೆಲ್ಲ ಒಟ್ಟು ಸೇರಿಸಿ, ಕಾಯಿಲ್ ಬಲಗಳನ್ನೂ ಸೆನ್ಸರ್ ಜಾಗಗಳನ್ನೂ ಒಂದೇ ಸಲಕ್ಕೆ ಹುಡುಕಿಸಿದೆವು. ಪೈಥಾನ್‌ನಲ್ಲಿ ಸೈಪೈಯ ಲೀಸ್ಟ್ ಸ್ಕ್ವೇರ್ಸ್ (ಒಟ್ಟು ತಪ್ಪು ಅತಿ ಕಡಿಮೆ ಇರುವ ಉತ್ತರ ಹುಡುಕುವ ಲೆಕ್ಕ) ಇದಕ್ಕೆ ಸಾಕು. ಹುಡುಕಾಟ ಶುರು ಮಾಡುವ ಊಹೆ ಮಾತ್ರ ಚೌಕಟ್ಟಿನ ಸರಿಯಾದ ಬದಿಯಲ್ಲಿರಬೇಕು.

ಇಷ್ಟಾದರೂ ಉಳಿಕೆ ತಪ್ಪು, ಅಂದರೆ ಲೆಕ್ಕಕ್ಕೂ ರೀಡಿಂಗ್‌ಗೂ ನಡುವೆ ಉಳಿದ ವ್ಯತ್ಯಾಸ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಗದ್ದಲದ ತಪ್ಪಾದರೆ ಅತ್ತಿತ್ತ ಚದುರುತ್ತದೆ. ಇದು ಪ್ರತಿ ಸಲ ಒಂದೇ ಕಡೆ ಎಳೆಯುತ್ತಿತ್ತು.

ಆಗ ಮಾಡಿದ್ದು ಗೂಟದ ಪರೀಕ್ಷೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಇದೇ. ಡಬ್ಬಿಯನ್ನು ಒಂದು ಗೂಟಕ್ಕೆ ಸಿಕ್ಕಿಸಿ ಅಳೆಯಿರಿ. ಅದೇ ಗೂಟದ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಬೀಸುಕಲ್ಲಿನಲ್ಲಿ ನಡುವಿನ ಗೂಟ ನಿಂತಲ್ಲೇ ಇರುತ್ತದೆ, ಹಿಡಿಕೆ ಸುತ್ತು ಹೊಡೆಯುತ್ತದೆ. ಇಲ್ಲೂ ಹಾಗೇ. ಅಳೆಯುವ ಬಿಂದು ಗೂಟದ ಮೇಲೇ ಇದ್ದರೆ ಲೆಕ್ಕದಲ್ಲಿ ಬಂದ ಜಾಗ ಬದಲಾಗಬಾರದು. ಗೂಟದಿಂದ ಅದು ಎಷ್ಟು ದೂರ ಇದೆಯೋ, ಅದರ ಎರಡರಷ್ಟು ಸರಿಯುತ್ತದೆ. ಸರಿದ ದಿಕ್ಕಿನಿಂದ ಬಿಂದು ಯಾವ ಕಡೆಗಿದೆ ಅಂತಲೂ ಗೊತ್ತಾಗುತ್ತದೆ; ಕಾಲು ಸುತ್ತು, ಮುಕ್ಕಾಲು ಸುತ್ತಿನಲ್ಲೂ ಅಳೆದರೆ ಅದು ಖಚಿತವಾಗುತ್ತದೆ.

ಪ್ರತಿ ಅಕ್ಷವನ್ನೂ ಬೇರೆ ಬೇರೆಯಾಗಿ ನೋಡಿದಾಗ ಮೂರಕ್ಕೂ ಮೂರು ಉತ್ತರ ಬಂತು. ಆರ್‌ಎಂ3100 ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಕಣ್ಣ ಮುಂದೆಯೇ ಇದೆ. ಅದರ ಮೇಲೆ ಮೂರು ಪುಟ್ಟ ಕಾಯಿಲ್‌ಗಳು ಬೇರೆ ಬೇರೆ ಜಾಗದಲ್ಲಿ ಕೂತಿವೆ. ಎರಡು ಮಲಗಿವೆ, ಒಂದು ನಿಂತಿದೆ. ಎಕ್ಸ್ ಅಳೆಯುವ ಜಾಗಕ್ಕೂ ಝಡ್ ಅಳೆಯುವ ಜಾಗಕ್ಕೂ ನಡುವೆ ಹಲವು ಮಿಮೀ ಅಂತರ. ದೂರದ ಕಾಂತಕ್ಷೇತ್ರ ಅಳೆಯುವವರಿಗೆ, ದಿಕ್ಸೂಚಿ ಮಾಡುವವರಿಗೆ, ಇದು ಲೆಕ್ಕಕ್ಕೇ ಬರಲ್ಲ. ಐದು ಸೆಂಮೀ ದೂರದಲ್ಲಿ ಕಾಯಿಲ್ ಇಟ್ಟವರಿಗೆ ಇದೇ ಎಲ್ಲ. ಒಂದು ಬಿಂದು, ಮೂರು ಅಕ್ಷ ಅನ್ನುವ ಮಾದರಿ ಬಿಟ್ಟು ಮೂರು ಬಿಂದು, ಪ್ರತಿಯೊಂದಕ್ಕೂ ಅದರದೇ ದಿಕ್ಕು ಅಂತ ಮಾದರಿ ಬದಲಿಸಿದೆವು. ಒಂದೇ ಕಡೆ ಎಳೆಯುತ್ತಿದ್ದ ತಪ್ಪು ಹೋಯಿತು. ಗೂಟದಿಂದ ಗೂಟಕ್ಕೆ 20 ಮಿಮೀ ಅನ್ನುವುದು ಮಿಮೀಯ ಕೆಲವೇ ಹತ್ತನೇ ಭಾಗಗಳೊಳಗೆ ಬರತೊಡಗಿತು. ಅಕ್ಷಗಳು ಒಂದಕ್ಕೊಂದು ನಿಖರ ಲಂಬವಾಗಿಲ್ಲ, ಒಂದೆರಡು ಡಿಗ್ರಿ ವಾಲಿವೆ ಅನ್ನುವುದೂ ಅದರಲ್ಲೇ ತಿಳಿಯಿತು.

ಒಪಿಎಂನಲ್ಲಿ ಮೂರು ಕಾಯಿಲ್‌ಗಳ ತೊಡಕು ಇಲ್ಲ, ಒಂದೇ ಕೋಶ. ಆದರೆ ಕೋಶ ಡಬ್ಬಿಯೊಳಗೆ ಎಲ್ಲಿದೆ ಅನ್ನುವುದು ಅಲ್ಲೂ ಹೊರಗಿನಿಂದ ಕಾಣಲ್ಲ. ಅದಕ್ಕಿಂತ ಮುಖ್ಯ, ಅದರ ದಿಕ್ಕು ಸುತ್ತಲಿನ ಕ್ಷೇತ್ರಕ್ಕೆ ತಕ್ಕ ಹಾಗೆ ವಾಲುತ್ತದೆ. ಕೋಶದ ಸುತ್ತ ಕೆಲವು ನ್ಯಾನೊಟೆಸ್ಲಾ ಕ್ಷೇತ್ರ ಉಳಿದುಕೊಂಡರೂ ಅಳೆಯುವ ಅಕ್ಷ ಓರೆಯಾಗುತ್ತದೆ, ಸಿಗ್ನಲ್‌ನ ಎತ್ತರವೂ ಬದಲಾಗುತ್ತದೆ. ಡಬ್ಬಿಯನ್ನು ಎಷ್ಟು ನೆಟ್ಟಗೆ ಕೂರಿಸಿದರೂ ಪ್ರಯೋಜನವಿಲ್ಲ. ಕಾಯಿಲ್‌ಗಳಿಂದ ಹುಡುಕಿದರೆ ಆ ಹೊತ್ತಿನ ನಿಜವಾದ ಅಕ್ಷವೇ ಸಿಗುತ್ತದೆ. ಸ್ಕ್ಯಾನರ್‌ನಿಂದ ಹೆಲ್ಮೆಟ್‌ನ ಆಕಾರ ಮಾತ್ರ ಹಿಡಿಯುವುದಕ್ಕಿಂತ ಈ ದಾರಿಯನ್ನೇ ನಾನು ಮೆಚ್ಚುವುದು ಇದಕ್ಕಾಗಿ.

ಹೆಲ್ಮೆಟ್ ಮತ್ತು ಬಟ್ಟೆ ಟೋಪಿ

ನಮ್ಮ ಹೆಲ್ಮೆಟ್ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಆಗಿತ್ತು. ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡುವ ಹಾಗೇ ಇಲ್ಲ. ಗೂಡುಗಳು ಡ್ರಾಯಿಂಗ್‌ಗಿಂತ ಸ್ವಲ್ಪ ಚಿಕ್ಕದಾಗಿ ಬರುವುದರಿಂದ 0.3 ಮಿಮೀ ಸಡಿಲ ಕೊಟ್ಟಿದ್ದೆವು. ಆ ಸಡಿಲದಲ್ಲೇ ಡಬ್ಬಿ ಸ್ವಲ್ಪ ವಾಲುತ್ತದೆ. ಒಂದು ಮೂಲೆಯಿಂದ ನೈಲಾನ್ ಸ್ಕ್ರೂ ಹಾಕಿ ಎದುರು ಮೂಲೆಗೆ ಒತ್ತಿದ ಮೇಲೆ ಕಿತ್ತು ಹಾಕಿದಾಗಲೆಲ್ಲ ಅಲ್ಲೇ ಕೂರುತ್ತಿದೆ.

ಮೇಜಿನ ಮೇಲೆ ಥರ್ಮೋಕೋಲ್ ತಲೆಗೆ ಹಾಕಿದಾಗ ಎಲ್ಲ ಸರಿ ಇತ್ತು. ಮನುಷ್ಯರ ತಲೆಗೆ ಹಾಕಿದರೆ ಕಥೆ ಬೇರೆ. ತಲೆ ಸ್ವಲ್ಪ ಅಗಲವಿದ್ದರೆ ಹೆಲ್ಮೆಟ್ ಕಿವಿಗಳ ಹತ್ತಿರ ಹೊರಕ್ಕೆ ಅರಳುತ್ತದೆ, ಎರಡೂ ಬದಿಯ ಸೆನ್ಸರ್‌ಗಳು ದೂರ ಸರಿಯುತ್ತವೆ. ಮೇಜಿನ ಮೇಲೆ ತೆಗೆದ ಅಳತೆಯನ್ನೇ ನಂಬಿ ಕೂತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ತಲೆಯ ಜಾಗ ಹಿಡಿಯಲು ಉಲ್ಟಾ ಲೆಕ್ಕ. ಸೆನ್ಸರ್‌ಗಳ ಜಾಗ ಈಗ ಗೊತ್ತಿದೆ. ಮೂಗಿನ ಬುಡಕ್ಕೆ ಒಂದು, ಎರಡೂ ಕಿವಿಗಳ ಮುಂದೆ ಒಂದೊಂದು ಕಾಯಿಲ್ ಅಂಟಿಸಿ ಅವುಗಳ ಜಾಗ ಹುಡುಕುವುದು. ಹಳೆಯ ಸ್ಕ್ವಿಡ್ ಯಂತ್ರಗಳೂ ತಲೆಯ ಜಾಗವನ್ನು ಹೀಗೇ ಕಾಯಿಲ್‌ಗಳಿಂದ ಹಿಡಿಯುತ್ತವೆ. ಮನುಷ್ಯರ ಮೇಲೆ ಹಾಕುವಾಗ ಎಲ್ಲವೂ ಬ್ಯಾಟರಿಯಲ್ಲೇ ನಡೆಯಬೇಕು, ಚಾರ್ಜರ್ ಕಿತ್ತಿರಬೇಕು. ಇದರಲ್ಲಿ ರಾಜಿ ಇಲ್ಲ.

ಬಟ್ಟೆ ಟೋಪಿಯನ್ನೂ ನೋಡಬೇಕಿತ್ತು, ಯಾಕೆಂದರೆ ಮಕ್ಕಳಿಗೆ ಅದೇ ಹಿತ. ಅಕ್ಕನ ಮಗಳು ಜಡೆ ಬಿಚ್ಚಿಕೊಂಡು ಟೋಪಿ ಹಾಕಿ ಕೂತಳು. ಬರೀ ಕೂತಿದ್ದಾಗ ಸೆನ್ಸರ್‌ಗಳು ತಕ್ಕಮಟ್ಟಿಗೆ ನಿಂತಿದ್ದವು. "ಮಾಮಾ, ಹಲ್ಲು ಕಚ್ಚಿ ಹಿಡೀಲೇನು?" ಅಂದಳು. ಕಚ್ಚಿ ಹಿಡಿದಾಗ ಕಣತಲೆಯ ಸ್ನಾಯು ಉಬ್ಬಿತು. ಕಿವಿಯ ಮೇಲಿನ ಸೆನ್ಸರ್ ಒಂದೆರಡು ಮಿಮೀ ಹೊರಗೆ ಬಂದು ಐದಾರು ಡಿಗ್ರಿ ವಾಲಿತು. ಬಿಟ್ಟಾಗ ಪೂರ್ತಿ ಮೊದಲಿನ ಜಾಗಕ್ಕೆ ಹೋಗಲಿಲ್ಲ, ಕೆಳಗಿನ ದಟ್ಟ ಕೂದಲು ಬೇರೆ ರೀತಿ ಮಡಚಿಕೊಂಡಿತ್ತು. ಅಂದರೆ ಬಟ್ಟೆ ಟೋಪಿಯಲ್ಲಿ ಒಮ್ಮೆ ಅಳೆದು ಬಿಡುವಂತಿಲ್ಲ. ಅಳೆಯುತ್ತಲೇ ಇರಬೇಕು.

ಈಗ ಮಾಡುತ್ತಿರುವುದು ಅದನ್ನೇ. ಅಕ್ರಿಲಿಕ್ ಚೌಕಟ್ಟು ಮೇಜಿನ ಮೇಲೇ ಉಳಿಯುತ್ತದೆ, ಹೊಸ ಸೆನ್ಸರ್ ಬಂದಾಗ ಅದರ ಅಳೆಯುವ ಬಿಂದು ಹುಡುಕಲು. ಕಾಯಿಲ್‌ಗಳನ್ನು ಹೆಲ್ಮೆಟ್‌ನ ಅಂಚಿಗೇ ಕೂರಿಸುತ್ತಿದ್ದೇವೆ. ಒಂದೊಂದಕ್ಕೂ ಬೇರೆ ಬೇರೆ ಹರ್ಟ್ಜ್ ಕೊಟ್ಟು ಎಲ್ಲವನ್ನೂ ಒಟ್ಟಿಗೆ ನಡೆಸಿದರೆ ತಲೆ ಆಡುವಾಗಲೂ ಜಾಗ ಹಿಡಿಯಬಹುದು. ಸೆನ್ಸರ್‌ನ ವೇಗ 147 ಇರುವುದರಿಂದ ನಮಗೆ ಸಿಗುವುದು ಅದರ ಅರ್ಧ, ಅಂದರೆ 73 ಹರ್ಟ್ಜ್‌ಗಿಂತ ಕೆಳಗಿನ ಜಾಗ. ಅದರಲ್ಲೂ ಫ್ಯಾನಿನ ಗೆರೆ ಮತ್ತು 50 ಹರ್ಟ್ಜ್‌ನ ಸುತ್ತಮುತ್ತ ಬಿಡಬೇಕು. 20ರಿಂದ 45ರ ನಡುವೆ 3 ಹರ್ಟ್ಜ್ ಅಂತರದಲ್ಲಿ ಎಂಟು ಕಾಯಿಲ್‌ಗಳಿಗೂ ಜಾಗ ಆಗುತ್ತದೆ. ಆದರೆ ಸೆನ್ಸರ್ ಮೂರು ಅಕ್ಷಗಳನ್ನು ಒಂದಾದ ಮೇಲೆ ಒಂದು ಓದುತ್ತದೆ. 11ರಲ್ಲಿ ಲೆಕ್ಕಕ್ಕೆ ಬಾರದಿದ್ದ ಆ ತಡ 40ರಲ್ಲಿ ಕಾಣತೊಡಗುತ್ತದೆ. ಪ್ರತಿ ಅಕ್ಷದ ತಡವನ್ನು ಮೊದಲು ಚೌಕಟ್ಟಿನ ಮೇಲೆ ಅಳೆದು ಕೋಡ್‌ಗೆ ಸೇರಿಸುವ ಕೆಲಸ ನಡೆಯುತ್ತಿದೆ.